ಎಣಿಸಿ ನೋಡಿ, ಆಮೇಲೆ ಬಿತ್ತಿ
ಉಳ್ಳಾಗಡ್ಡಿ ಬೀಜದ ಜೊತೆ ಎರಡು ಪ್ರಯೋಗ



ಬಿಸಿಯೂಟದ ಸಾಂಬಾರಿನಲ್ಲಿ ನೀವು ಉಳ್ಳಾಗಡ್ಡಿ ತಿನ್ನುತ್ತೀರಿ. ಪಾಠದ ಪುಸ್ತಕದಲ್ಲಿ ಅದರ ಹೆಸರು ಈರುಳ್ಳಿ. ತಮಿಳುನಾಡಿನ ಅಂಗಡಿಗಳಲ್ಲಿ ದೊಡ್ಡ ಉಳ್ಳಾಗಡ್ಡಿಗೆ ಏನೆನ್ನುತ್ತಾರೆ ಗೊತ್ತೆ? ‘ಬಳ್ಳಾರಿ’ ಎನ್ನುತ್ತಾರೆ! ನಮ್ಮ ಸೀಮೆಯ ಊರಿನ ಹೆಸರೇ ಅಲ್ಲಿ ಗಡ್ಡೆಯ ಹೆಸರಾಗಿಬಿಟ್ಟಿದೆ. ಹೊಸಪೇಟೆ, ಹಂಪಿ ಇರುವ ವಿಜಯನಗರ ಜಿಲ್ಲೆ 2021ರಲ್ಲಿ ಬಳ್ಳಾರಿಯಿಂದ ಬೇರೆಯಾಯಿತು. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಜಿಲ್ಲೆ ಎರಡಾದರೂ ಉಳ್ಳಾಗಡ್ಡಿಯ ನಂಟು ಎರಡೂ ಕಡೆ ಇದೆ.

ಗಡ್ಡೆಯನ್ನು ನೀವೆಲ್ಲ ನೋಡಿದ್ದೀರಿ. ಅದರ ಬೀಜವನ್ನು ನೋಡಿದ್ದೀರಾ? ಗಾತ್ರದಲ್ಲಿ ಕರಿ ಎಳ್ಳಿನಷ್ಟು; ಆದರೆ ಎಳ್ಳಿನಂತೆ ನುಣುಪಲ್ಲ, ಮೂಲೆ ಮೂಲೆಯಾಗಿ ಸುಕ್ಕುಗಟ್ಟಿರುತ್ತದೆ. ಒಂದು ಗ್ರಾಂ ತೂಕಕ್ಕೆ ಸುಮಾರು 250ರಿಂದ 300 ಬೀಜ ಬರುತ್ತವೆ. ಬೀಜ ಬಿತ್ತಿದರೆ ಮೊದಲ ಹಂಗಾಮಿನಲ್ಲಿ ಗಡ್ಡೆ ಬರುತ್ತದೆ. ಆ ಗಡ್ಡೆಯನ್ನು ಮತ್ತೆ ನೆಟ್ಟರೆ ಉದ್ದನೆಯ ದಂಟು ಎದ್ದು, ಅದರ ತುದಿಯಲ್ಲಿ ಚೆಂಡಿನಂತಹ ಬಿಳಿ ಹೂಗೊಂಚಲು ಅರಳುತ್ತದೆ. ಜೇನುಹುಳುಗಳು ಬಂದು ಪರಾಗಸ್ಪರ್ಶ ಮಾಡುತ್ತವೆ. ಆಮೇಲೆ ಬೀಜ ಕಟ್ಟುತ್ತದೆ.

ಈ ಚಿಕ್ಕ ಬೀಜ ನನಗೆ ಒಂದು ದೊಡ್ಡ ಪಾಠ ಕಲಿಸಿದೆ. ಅದನ್ನು ಮೊದಲು ಹೇಳುತ್ತೇನೆ.

ಡಬ್ಬಿಯಲ್ಲಿ ಬಂದ ಪ್ರಶ್ನೆ

ಒಂದು ಜೂನ್ ತಿಂಗಳು. ಸಂಡೂರು ಕಡೆಯ ಒಂದು ಶಾಲೆಗೆ ಹೋಗಿದ್ದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಒಂದು ಹಳೆಯ ತಗಡಿನ ಡಬ್ಬಿ ತಂದು ನನ್ನ ಮುಂದೆ ಇಟ್ಟಳು.

“ಸರ್, ಇವು ಹೋದ ವರ್ಷ ಉಳಿದಿದ್ದ ಉಳ್ಳಾಗಡ್ಡಿ ಬೀಜ ರೀ. ಹಾಕಿದ್ರ ಬರ್ತಾವೇನು ಕೇಳ್ಕೊಂಡು ಬಾ ಅಂತ ನಮ್ಮಪ್ಪ ಹೇಳ್ಯಾನ್ರಿ” ಎಂದಳು.

ಬೀಜವನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದೆ. ಕಪ್ಪಗೆ, ಗಟ್ಟಿಯಾಗಿ, ಹುಳು ಬೀಳದೆ ಚೆನ್ನಾಗಿಯೇ ಇದ್ದವು. “ಬರ್ತಾವಮ್ಮ” ಎಂಬ ಮಾತು ನನ್ನ ಬಾಯಿಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅನಿಸಿತು: ಇದು ನನಗೆ ಗೊತ್ತಿದೆಯೆ? ಅಥವಾ ಗೊತ್ತಿದೆ ಎಂದು ಅಂದುಕೊಂಡಿದ್ದೇನೆಯೆ? ಆ ಮನೆಯವರ ಒಂದು ಹಂಗಾಮಿನ ದುಡಿಮೆ ನನ್ನ ಒಂದು ಮಾತಿನ ಮೇಲೆ ನಿಂತಿತ್ತು. ನೋಡಿ ಹೇಳುವ ಬದಲು ಎಣಿಸಿ ಹೇಳೋಣ ಎಂದು ತೀರ್ಮಾನಿಸಿದೆವು. ತರಗತಿಯ ಮಕ್ಕಳೆಲ್ಲ ಸೇರಿ ಮಾಡಿದ ಪ್ರಯೋಗವನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ವಿಷಯ ತಿಳಿಯೋಣ.

ಬೀಜ ಸಾಯುತ್ತದೆಯೆ?

ಸಾಯುತ್ತದೆ. ಬೀಜ ಕಲ್ಲಿನ ಚೂರಲ್ಲ. ಅದರೊಳಗೆ ಭ್ರೂಣವೆಂಬ ಪುಟ್ಟ ಸಸ್ಯ ಮಲಗಿರುತ್ತದೆ. ಅದರ ಬುತ್ತಿಯೂ ಒಳಗೇ ಇರುತ್ತದೆ. ಈ ಬುತ್ತಿಗೆ ಭ್ರೂಣಾಹಾರ ಎಂದು ಹೆಸರು. ಮಲಗಿದ್ದರೂ ಭ್ರೂಣ ಜೀವಂತವಾಗಿದೆ. ಅತಿ ನಿಧಾನವಾಗಿ ಉಸಿರಾಡುತ್ತ ಇರುತ್ತದೆ. ಕಾಲ ಕಳೆದಂತೆ ಅದು ಬಲ ಕಳೆದುಕೊಂಡು ಕೊನೆಗೆ ಸಾಯುತ್ತದೆ. ವಿಚಿತ್ರವೆಂದರೆ, ಸತ್ತ ಮೇಲೂ ಬೀಜ ಹೊರಗಿನಿಂದ ಮೊದಲಿನಂತೆಯೇ ಕಾಣುತ್ತದೆ! ನೀರಿನಲ್ಲಿ ಹಾಕಿ, ಮುಳುಗಿದ್ದು ಒಳ್ಳೆಯದು, ತೇಲಿದ್ದು ಕೆಟ್ಟದ್ದು ಎನ್ನುವವರಿದ್ದಾರೆ. ಜೊಳ್ಳು ಬೀಜ ತೆಗೆಯಲು ಅದು ಸ್ವಲ್ಪ ನೆರವಾಗಬಹುದು. ಆದರೆ ಸತ್ತ ಬೀಜವೂ ಗಟ್ಟಿಯಾಗಿದ್ದರೆ ಮುಳುಗುತ್ತದೆ.

ಎಲ್ಲ ಬೀಜಗಳ ಆಯುಷ್ಯ ಒಂದೇ ಅಲ್ಲ. ತರಕಾರಿ ಬೀಜಗಳಲ್ಲಿ ಉಳ್ಳಾಗಡ್ಡಿಯದು ಬಹಳ ಕಡಿಮೆ ಆಯುಷ್ಯ. ಬಿಸಿ ಮತ್ತು ತೇವ ಇರುವ ಕಡೆ ಇಟ್ಟರೆ ಒಂದು ವರ್ಷದೊಳಗೇ ಅದರ ಮೊಳೆಯುವ ಶಕ್ತಿ ಬಹಳಷ್ಟು ಇಳಿದುಹೋಗಬಹುದು.

ಬೀಜ ಸಂಗ್ರಹದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ವಿಜ್ಞಾನಿ ಹ್ಯಾರಿಂಗ್ಟನ್ ಒಂದು ಸರಳ ಸೂತ್ರ ಹೇಳಿದ್ದಾರೆ. ಬೀಜದ ತೇವಾಂಶ ಶೇಕಡ 1ರಷ್ಟು ಕಡಿಮೆಯಾದರೆ ಅದರ ಆಯುಷ್ಯ ಸುಮಾರು ಎರಡು ಪಟ್ಟಾಗುತ್ತದೆ. ಇಟ್ಟ ಜಾಗದ ತಾಪ 5 ಡಿಗ್ರಿ ಸೆಲ್ಸಿಯಸ್ ಕಡಿಮೆಯಾದರೂ ಹಾಗೆಯೇ. ಈಗ ಲೆಕ್ಕ ಹಾಕಿ: 35 ಡಿಗ್ರಿ ಇರುವ ಕೋಣೆಯ ಬದಲು 25 ಡಿಗ್ರಿ ಇರುವ ಕೋಣೆಯಲ್ಲಿಟ್ಟರೆ ಬೀಜ ಎಷ್ಟು ಪಟ್ಟು ಹೆಚ್ಚು ಕಾಲ ಬಾಳುತ್ತದೆ? ಎರಡೆರಡಲಿ ನಾಲ್ಕು, ಅಂದರೆ ಸುಮಾರು ನಾಲ್ಕು ಪಟ್ಟು.

ಆ ಹುಡುಗಿಯ ಮನೆಯಲ್ಲಿ ಡಬ್ಬಿ ಎಲ್ಲಿತ್ತು ಎಂದು ಕೇಳಿದೆವು. ತಗಡಿನ ಮಾಡಿನ ಕೆಳಗೆ, ಅಟ್ಟದ ಮೇಲೆ! ಬೇಸಿಗೆಯಲ್ಲಿ ನಮ್ಮ ಕಡೆ ಹಗಲಿನ ತಾಪ 40 ಡಿಗ್ರಿಯ ಹತ್ತಿರ ಹೋಗುತ್ತದೆ. ಕಾದ ತಗಡಿನ ಕೆಳಗೆ ಇನ್ನೂ ಹೆಚ್ಚು. ಮಳೆಗಾಲದಲ್ಲಿ ಅಲ್ಲಿಯೇ ತೇವ. ಬೀಜಕ್ಕೆ ಇದಕ್ಕಿಂತ ಕಷ್ಟದ ಜಾಗ ಬೇರೆ ಬೇಕೆ?

ಪ್ರಯೋಗ 1: ಮೊಳಕೆ ಪರೀಕ್ಷೆ

ಬೇಕಾಗುವ ಸಾಮಗ್ರಿಗಳು: ಉಳ್ಳಾಗಡ್ಡಿ ಬೀಜ 100, ಅಗಲವಾದ ಎರಡು ಹಳೆಯ ತಟ್ಟೆ, ಅವನ್ನು ಮುಚ್ಚಲು ಇನ್ನೆರಡು ತಟ್ಟೆ, ತೊಳೆದ ಹಳೆಯ ಹತ್ತಿಬಟ್ಟೆ, ಕುಡಿಯುವ ನೀರು, ಚೀಟಿ, ಪೆನ್ಸಿಲ್.

ಎಚ್ಚರಿಕೆ: ಅಂಗಡಿಯಿಂದ ತಂದ ಬೀಜಕ್ಕೆ ಕೆಂಪು, ಹಸಿರು ಅಥವಾ ನೀಲಿ ಬಣ್ಣ ಹತ್ತಿದ್ದರೆ ಅದಕ್ಕೆ ಶಿಲೀಂಧ್ರನಾಶಕ ಔಷಧಿ ಲೇಪಿಸಿದ್ದಾರೆ ಎಂದು ತಿಳಿಯಿರಿ. ಅದು ವಿಷ. ಅಂತಹ ಬೀಜವನ್ನು ನೀವು ಮುಟ್ಟಬೇಡಿ. ಶಿಕ್ಷಕರೇ ಕೈಚೀಲ ಹಾಕಿಕೊಂಡು ಜೋಡಿಸಲಿ. ಆ ತಟ್ಟೆಗಳನ್ನು ಮತ್ತೆ ಊಟಕ್ಕೆ ಬಳಸಬಾರದು. ಬಣ್ಣವಿಲ್ಲದ ಬೀಜವಾದರೂ ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಮಾಡುವ ವಿಧಾನ:

1. ಡಬ್ಬಿಯ ಮೇಲಿನಿಂದ, ನಡುವಿನಿಂದ, ತಳದಿಂದ ಸ್ವಲ್ಪ ಸ್ವಲ್ಪ ಬೀಜ ತೆಗೆದು ಬೆರೆಸಿ. ಅದರಿಂದ 100 ಬೀಜ ಎಣಿಸಿ. ದಪ್ಪನೆಯ ಬೀಜಗಳನ್ನೇ ಆರಿಸಬೇಡಿ. ಆರಿಸಿದರೆ ನಿಮಗೆ ನೀವೇ ಸುಳ್ಳು ಹೇಳಿಕೊಂಡಂತೆ.

2. ಬಟ್ಟೆಯನ್ನು ಎರಡು ಪದರ ಮಡಿಸಿ, ನೀರಿನಲ್ಲಿ ಅದ್ದಿ, ಹಿಂಡಿ ತಟ್ಟೆಯಲ್ಲಿ ಹಾಸಿ. ಬಟ್ಟೆ ಒದ್ದೆಯಾಗಿರಬೇಕು, ನೀರು ನಿಂತಿರಬಾರದು. ನೀರಿನಲ್ಲಿ ಮುಳುಗಿದ ಬೀಜಕ್ಕೆ ಉಸಿರಾಡಲು ಗಾಳಿ ಸಾಲುವುದಿಲ್ಲ.

3. ಒಂದೊಂದು ತಟ್ಟೆಯಲ್ಲಿ 10 ಬೀಜಗಳ 5 ಸಾಲು ಜೋಡಿಸಿ. ಒಂದಕ್ಕೊಂದು ತಾಗದಿರಲಿ. ಇನ್ನೊಂದು ತಟ್ಟೆಯಿಂದ ಮುಚ್ಚಿ. ದಿನಾಂಕ ಬರೆದ ಚೀಟಿ ಇಡಿ.

4. ತಟ್ಟೆಗಳನ್ನು ಕೋಣೆಯ ಅತ್ಯಂತ ತಂಪು ಜಾಗದಲ್ಲಿಡಿ. ಶಾಲೆಯಲ್ಲಿ ಅದು ಯಾವುದು? ಕುಡಿಯುವ ನೀರಿನ ಮಣ್ಣಿನ ಮಡಕೆಯ ಪಕ್ಕ! ಮಡಕೆಯ ಮೈಯಿಂದ ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ. ಉಳ್ಳಾಗಡ್ಡಿ ಬೀಜಕ್ಕೆ 20ರಿಂದ 25 ಡಿಗ್ರಿ ತಾಪ ಹಿತ. 35 ಡಿಗ್ರಿ ದಾಟಿದರೆ ಒಳ್ಳೆಯ ಬೀಜವೂ ಸರಿಯಾಗಿ ಮೊಳೆಯುವುದಿಲ್ಲ.

5. ದಿನಕ್ಕೊಮ್ಮೆ ತೆರೆದು ನೋಡಿ. ಬಟ್ಟೆ ಒಣಗಿದ್ದರೆ ನೀರು ಚಿಮುಕಿಸಿ. ಬೂಷ್ಟು ಹಿಡಿದು ಕೊಳೆತ ಬೀಜವಿದ್ದರೆ ತೆಗೆದು, ಲೆಕ್ಕದಲ್ಲಿ ‘ಸತ್ತವು’ ಎಂದು ಬರೆಯಿರಿ.

6. 6ನೇ ದಿನ ಒಮ್ಮೆ, 12ನೇ ದಿನ ಇನ್ನೊಮ್ಮೆ ಎಣಿಸಿ. ಬೇರು ಮತ್ತು ಹಸಿರು ಮೊಳಕೆ ಎರಡೂ ಸರಿಯಾಗಿ ಬಂದಿದ್ದರೆ ಮಾತ್ರ ‘ಮೊಳೆತಿದೆ’ ಎಂದು ಬರೆಯಿರಿ. ಬೀಜ ಪರೀಕ್ಷಾ ಪ್ರಯೋಗಾಲಯಗಳಲ್ಲೂ ಉಳ್ಳಾಗಡ್ಡಿಗೆ ಇವೇ ಎರಡು ದಿನಗಳು. ಅಲ್ಲಿ 400 ಬೀಜ ಇಡುತ್ತಾರೆ, ಅಷ್ಟೇ ವ್ಯತ್ಯಾಸ.

ಲೆಕ್ಕ: 100 ಬೀಜ ಇಟ್ಟಿರುವುದರಿಂದ ಮೊಳೆತ ಬೀಜಗಳ ಒಟ್ಟು ಸಂಖ್ಯೆಯೇ ಶೇಕಡ ಪ್ರಮಾಣ. ಎರಡು ತಟ್ಟೆಗಳ ಸಂಖ್ಯೆ ಹೆಚ್ಚು ಕಡಿಮೆ ಹೊಂದಬೇಕು. ಒಂದರಲ್ಲಿ 40, ಇನ್ನೊಂದರಲ್ಲಿ 15 ಬಂದಿದ್ದರೆ ಎಲ್ಲೋ ತಪ್ಪಾಗಿದೆ; ಮತ್ತೆ ಮಾಡಿ.

ನಮ್ಮ ದೇಶದ ನಿಯಮದಂತೆ ಪ್ರಮಾಣಿತ ಉಳ್ಳಾಗಡ್ಡಿ ಬೀಜದಲ್ಲಿ ಕನಿಷ್ಠ ಶೇಕಡ 70 ಮೊಳೆಯಬೇಕು. ಬೀಜದ ತೇವಾಂಶ ಶೇಕಡ 8ಕ್ಕಿಂತ ಹೆಚ್ಚಿರಬಾರದು. ಬೀಜದ ಚೀಲದ ಚೀಟಿಯಲ್ಲಿ ಮೊಳಕೆಯ ಪ್ರಮಾಣ, ಪರೀಕ್ಷೆ ಮಾಡಿದ ದಿನಾಂಕ, ಯಾವಾಗಿನವರೆಗೆ ಬಳಸಬಹುದು ಎಂಬುದೆಲ್ಲ ಇರುತ್ತದೆ. ಮನೆಯಲ್ಲಿ ಬೀಜದ ಚೀಲ ಇದ್ದರೆ ಓದಿ ದೊಡ್ಡವರಿಗೆ ಹೇಳಿರಿ.

ನಿಮಗೆ ಗೊತ್ತೆ?

ಅಮೆರಿಕದ ಮಿಚಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಸಸ್ಯವಿಜ್ಞಾನಿ 1879ರಲ್ಲಿ 20 ಬಾಟಲಿಗಳಲ್ಲಿ ಮರಳಿನೊಂದಿಗೆ ಕಳೆ ಗಿಡಗಳ ಬೀಜ ತುಂಬಿ ನೆಲದಲ್ಲಿ ಹೂಳಿದರು. ಒಂದೊಂದು ಜಾತಿಯ ಬೀಜವನ್ನೂ ಎಣಿಸಿ 50ರಂತೆ ಹಾಕಿದ್ದರು. ಕೆಲವು ವರ್ಷಗಳಿಗೊಮ್ಮೆ ಒಂದು ಬಾಟಲಿ ತೆಗೆದು, ಬಿತ್ತಿ, ಎಷ್ಟು ಮೊಳೆತವು ಎಂದು ಎಣಿಸುತ್ತಾರೆ. 2021ರಲ್ಲಿ ತೆಗೆದ ಬಾಟಲಿಯಲ್ಲೂ ಒಂದು ಜಾತಿಯ ಕೆಲವು ಬೀಜಗಳು ಮೊಳೆತವು. 142 ವರ್ಷಗಳ ನಂತರ! ಬೀಲ್ 1924ರಲ್ಲೇ ತೀರಿಕೊಂಡರು. ಎಣಿಕೆ ಮಾತ್ರ ನಿಂತಿಲ್ಲ. ಮುಂದಿನ ಬಾಟಲಿಯ ಸರದಿ 2040ಕ್ಕೆ. ಆಗ ನಿಮ್ಮ ವಯಸ್ಸೆಷ್ಟು?

ಡಬ್ಬಿಯ ಉತ್ತರ

ನಮ್ಮ ತಟ್ಟೆಗಳಲ್ಲಿ 6ನೇ ದಿನ ಮೊಳೆತಿದ್ದವು ಒಂದರಲ್ಲಿ 4, ಇನ್ನೊಂದರಲ್ಲಿ 5. ಒಟ್ಟು 9. ಅಂದು ಹುಡುಗಿ ಎರಡೂ ತಟ್ಟೆಗಳನ್ನು ಮನೆಗೆ ಒಯ್ದು ಅಪ್ಪನಿಗೆ ತೋರಿಸಿದಳು. ಮಳೆ ಬಿದ್ದು ನೆಲ ಹದವಾಗಿತ್ತು. ಕಾಯಲು ಅವರಿಗೆ ಸಮಯವಿರಲಿಲ್ಲ. ಕೈಗಡ ತಂದು ಹೊಸ ಬೀಜ ಕೊಂಡು ಸಸಿ ಮಡಿಗೆ ಹಾಕಿದರು. ನಾವು ಹಳೆಯ ಬೀಜದ ಎಣಿಕೆ ಮುಂದುವರಿಸಿದೆವು. 12ನೇ ದಿನ ಒಟ್ಟು 31 ಆಯಿತು. ಹೊಸ ಬೀಜದಿಂದಲೂ 100 ಎಣಿಸಿ ಇಟ್ಟಿದ್ದೆವು. ಅದರಲ್ಲಿ 84 ಮೊಳೆತವು.

“ಶೇಕಡ 31 ಬಂದರೆ ಮೂರು ಪಟ್ಟು ಬೀಜ ಹಾಕಿದರಾಯಿತಲ್ಲ ಸರ್?” ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಆದರೆ ತಟ್ಟೆಯನ್ನು ಇನ್ನೊಮ್ಮೆ ನೋಡಿ. 6ನೇ ದಿನ 9, ಉಳಿದ 22 ತಡವಾಗಿ ಬಂದವು, ಮೊಳಕೆಗಳೂ ಸಣಕಲು. ಬೀಜ ಸಾಯುವ ಮೊದಲು ಬಲಹೀನವಾಗುತ್ತದೆ. ಅಂತಹ ಸಸಿಗಳು ಒಂದೊಂದು ದಿನ ಒಂದೊಂದು ಏಳುತ್ತವೆ. ರೋಗಕ್ಕೂ ಬೇಗ ತುತ್ತಾಗುತ್ತವೆ. ಮಡಿಯಲ್ಲಿ ಬಿತ್ತಿ, ಎರಡು ವಾರ ಕಾದು, ಬರಲಿಲ್ಲವೆಂದು ಮತ್ತೆ ಬಿತ್ತುವಷ್ಟರಲ್ಲಿ ಹಂಗಾಮು ಜಾರಿಹೋಗುತ್ತಿತ್ತು.

ಇದರಲ್ಲಿ ನಮಗೂ ಒಂದು ಪಾಠವಿತ್ತು. ಪರೀಕ್ಷೆಗೆ 12 ದಿನ ಬೇಕು. ಮಳೆ ಬಂದ ಮೇಲೆ ಶುರು ಮಾಡಿದರೆ ತಡವಾಯಿತು. ಇದೇ ಪರೀಕ್ಷೆಯನ್ನು ಮೇ ತಿಂಗಳಲ್ಲೇ ಮಾಡಿದ್ದರೆ ಅವರಿಗೆ ಹೊಸ ಬೀಜಕ್ಕೆ ಹಣ ಹೊಂದಿಸಿಕೊಳ್ಳಲು ಸಮಯ ಸಿಗುತ್ತಿತ್ತು.

ಪ್ರಯೋಗ 2: ಒಳಗೇ ಸಸಿ ಬೆಳೆಸೋಣ

ಚಳಿ ದೇಶಗಳಲ್ಲಿ ಹೊರಗೆ ಹಿಮ ಬಿದ್ದಿರುವಾಗಲೇ ಮನೆಯೊಳಗೆ ಉಳ್ಳಾಗಡ್ಡಿ ಬೀಜ ಹಾಕುತ್ತಾರೆ. ಹಿಮ ಕರಗುವಷ್ಟರಲ್ಲಿ ಸಸಿ ಸಿದ್ಧವಾಗಿರುತ್ತದೆ. ನಮ್ಮಲ್ಲಿ ಹಿಮವಿಲ್ಲ. ಹಾಗಾದರೆ ಒಳಗೇಕೆ? ನಮ್ಮ ಕಾರಣಗಳೇ ಬೇರೆ: ಉರಿಬಿಸಿಲು, ಬೀಜವನ್ನು ಕೊಚ್ಚಿಕೊಂಡು ಹೋಗುವ ಜೋರು ಮಳೆ, ಇರುವೆ, ಕೋಳಿ. ಹಂಪಿಯ ಬಂಡೆಗಳ ಮೇಲೆ ಮಧ್ಯಾಹ್ನ ಬರಿಗಾಲಲ್ಲಿ ನಿಂತವರಿಗೆ ಗೊತ್ತು, ನೆಲ ಗಾಳಿಗಿಂತ ಹೆಚ್ಚು ಕಾಯುತ್ತದೆ. ಬೀಜ ಇರುವುದು ನೆಲದಿಂದ ಕೇವಲ 1 ಸೆಂಟಿಮೀಟರ್ ಕೆಳಗೆ! ಕಂಪ್ಲಿಯ ಕಡೆಯವರಿಗೆ ಸಸಿ ಬೆಳೆಸಿ ನಾಟಿ ಮಾಡುವುದು ಹೊಸದಲ್ಲ. ಭತ್ತಕ್ಕೆ ಅದನ್ನೇ ಮಾಡುತ್ತಾರೆ. ನಾವು ಉಳ್ಳಾಗಡ್ಡಿಯ ಮಡಿಯನ್ನು ಒಂದು ಟಬ್ಬಿನಲ್ಲಿ ಮಾಡೋಣ.

ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲೆ, ಅಥವಾ ದಸರಾ ರಜೆ ಮುಗಿದ ಮೇಲೆ ಇದನ್ನು ಮಾಡಬಹುದು.

1. ನಾಲ್ಕು ಬೆರಳಿನಷ್ಟು ಆಳವಿರುವ ಹಳೆಯ ಟಬ್ಬು ಅಥವಾ ಬುಟ್ಟಿ ತೆಗೆದುಕೊಳ್ಳಿ. ತಳದಲ್ಲಿ ನೀರು ಬಸಿಯಲು ತೂತುಗಳಿರಲಿ.

2. ಮಸಾರಿ ಮಣ್ಣು, ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಅಥವಾ ಎರೆಗೊಬ್ಬರ, ಮೂರನ್ನೂ ಸಮ ಪ್ರಮಾಣದಲ್ಲಿ ಬೆರೆಸಿ ಜರಡಿ ಹಿಡಿಯಿರಿ. ಬರೀ ಎರೆ ಮಣ್ಣು ಬೇಡ. ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಒಣಗಿದಾಗ ಬಿರುಕು ಬಿಡುತ್ತದೆ.

3. ಮಣ್ಣು ತುಂಬಿ, ನೀರು ಹಾಕಿ ಒಂದು ರಾತ್ರಿ ಬಿಡಿ. ಮರುದಿನ 5 ಸೆಂಟಿಮೀಟರ್ ಅಂತರದಲ್ಲಿ, 1 ಸೆಂಟಿಮೀಟರ್ ಆಳದ ಗೆರೆ ಎಳೆಯಿರಿ. ಗೆರೆಯಲ್ಲಿ ಬೀಜವನ್ನು ತೆಳುವಾಗಿ ಉದುರಿಸಿ, ಸಣ್ಣ ಮಣ್ಣಿನಿಂದ ಮುಚ್ಚಿ.

4. ಮೇಲೆ ಒದ್ದೆ ಗೋಣಿತಟ್ಟು ಹೊದಿಸಿ. ಟಬ್ಬನ್ನು ಇಟ್ಟಿಗೆಗಳ ಮೇಲೆ ಇಟ್ಟು, ಆ ಇಟ್ಟಿಗೆಗಳನ್ನು ನೀರು ತುಂಬಿದ ಅಗಲ ತಟ್ಟೆಯಲ್ಲಿಡಿ. ಇರುವೆ ಹತ್ತುವುದಿಲ್ಲ. ಮೂರು ದಿನಕ್ಕೊಮ್ಮೆ ಆ ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಸಾಕಿದಂತಾಗುತ್ತದೆ.

5. ಮೊದಲ ಮೊಳಕೆ ಕಂಡ ದಿನವೇ ಗೋಣಿತಟ್ಟು ತೆಗೆಯಿರಿ. ಸಾಮಾನ್ಯವಾಗಿ ಇದು 7ರಿಂದ 10 ದಿನಗಳಲ್ಲಿ. ಮೊಳೆಯಲು ಬೆಳಕು ಬೇಕಿಲ್ಲ. ಬೆಳೆಯಲು ಬೇಕೇ ಬೇಕು. ಟಬ್ಬನ್ನು ಬೆಳಗಿನ ಬಿಸಿಲು ಬೀಳುವ ಜಗಲಿಗೆ ತನ್ನಿ. ಮಧ್ಯಾಹ್ನದ ಬಿಸಿಲಿಗೂ ಜೋರು ಮಳೆಗೂ ಸಿಗದಂತೆ ನೋಡಿಕೊಳ್ಳಿ.

ಗಮನಿಸಿ: ಮಂಡಿಯೂರಿ ಏಳುವ ಸಸಿ

ಉಳ್ಳಾಗಡ್ಡಿ ಏಕದಳ ಸಸ್ಯ. ಬೀಜದಿಂದ ಮೊದಲು ಬಿಳಿ ಬೇರು ಇಳಿಯುತ್ತದೆ. ಆಮೇಲೆ ಬೀಜದಳ ಮೇಲಕ್ಕೆ ಬರುತ್ತದೆ. ಆದರೆ ನೇರವಾಗಿ ಬರುವುದಿಲ್ಲ! ಮಂಡಿ ಮಡಿಸಿದಂತೆ ಬಾಗಿ, ಬಾಗಿದ ಭಾಗದಿಂದ ಮಣ್ಣನ್ನು ತಳ್ಳಿಕೊಂಡು ಏಳುತ್ತದೆ. ಅದರ ತುದಿ ಬೀಜದೊಳಗೇ ಉಳಿದು ಬುತ್ತಿಯನ್ನು ಹೀರುತ್ತಿರುತ್ತದೆ. ಬುತ್ತಿ ಮುಗಿಯುತ್ತ ಬಂದಾಗ ಸಸಿ ನೆಟ್ಟಗಾಗುತ್ತದೆ. ಆಗ ಕಪ್ಪು ಸಿಪ್ಪೆ ಟೊಪ್ಪಿಗೆಯಂತೆ ತುದಿಯಲ್ಲಿ ಕೂತಿರುತ್ತದೆ. ಅದನ್ನು ಕೀಳಬೇಡಿ, ತಾನೇ ಉದುರುತ್ತದೆ. ಮುಂದೆ ಬೀಜದಳದ ಬುಡದ ಸೀಳಿನಿಂದ ಮೊದಲ ನಿಜವಾದ ಎಲೆ ಹೊರಬರುತ್ತದೆ. ದಿನಕ್ಕೊಂದು ಚಿತ್ರ ಬರೆಯಿರಿ.

ಸಸಿ ಹೀಗಾದರೆ ಏನು ಕಾರಣ?

ಬಿಳಿಚಿ, ಉದ್ದವಾಗಿ ಒಂದೇ ಕಡೆ ಬಾಗಿದರೆ: ಬೆಳಕು ಸಾಲದು. ಬೆಳಕಿರುವ ಕಡೆ ಸರಿಸಿ, ದಿನಕ್ಕೊಮ್ಮೆ ಟಬ್ಬನ್ನು ತಿರುಗಿಸಿ.

ಬುಡ ಮೆತ್ತಗಾಗಿ, ಕೊಳೆತು ಗುಂಪಾಗಿ ಬಿದ್ದರೆ: ಇದು ಮಣ್ಣಿನಲ್ಲಿರುವ ಶಿಲೀಂಧ್ರಗಳಿಂದ ಬರುವ ರೋಗ. ಹೆಚ್ಚು ನೀರು, ಒತ್ತಾಗಿ ಬಿತ್ತುವುದು, ಗಾಳಿಯಾಡದಿರುವುದು ಇದಕ್ಕೆ ದಾರಿ. ಬಿದ್ದ ಸಸಿಗಳನ್ನು ಮಣ್ಣು ಸಮೇತ ತೆಗೆಯಿರಿ. ನೀರು ಕಡಿಮೆ ಮಾಡಿ. ಮೇಲ್ಮಣ್ಣು ಸ್ವಲ್ಪ ಆರಿದ ಮೇಲೆಯೇ, ಬೆಳಗಿನ ಹೊತ್ತು ನೀರು ಚಿಮುಕಿಸಿ.

ಎಲೆಯ ತುದಿ ಒಣಗಿದರೆ: ಬಿಸಿಲು ಹೆಚ್ಚಾಗಿದೆ ಅಥವಾ ನೀರು ತಪ್ಪಿದೆ. ಬೆರಳಿನಿಂದ ಮಣ್ಣು ಮುಟ್ಟಿ ನೋಡಿ ತಿಳಿಯಿರಿ.

ಹೊರಗೆ ನಾಟಿ

ಆರೇಳು ವಾರಗಳಲ್ಲಿ ಸಸಿ ಗೇಣುದ್ದಕ್ಕೆ ಹತ್ತಿರ ಬಂದು ಮೂರು ಎಲೆ ಬಿಡುತ್ತದೆ. ನಾಟಿಗೆ ಒಂದು ವಾರ ಮೊದಲು ನೀರು ಕಡಿಮೆ ಮಾಡಿ, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚು ಬಿಸಿಲಿಗೆ ಒಡ್ಡಿ ಗಟ್ಟಿ ಮಾಡಿ. ಸಂಜೆಯ ಹೊತ್ತು ನಾಟಿ ಮಾಡಿ, ತಕ್ಷಣ ನೀರು ಕೊಡಿ. ಸಾಲಿನಿಂದ ಸಾಲಿಗೆ 15 ಸೆಂಟಿಮೀಟರ್, ಸಸಿಯಿಂದ ಸಸಿಗೆ 10 ಸೆಂಟಿಮೀಟರ್ ಇರಲಿ. ನಾಟಿಯಾದ ಮೂರೂವರೆ ತಿಂಗಳ ಹೊತ್ತಿಗೆ ಎಲೆಗಳು ಬಾಗಿ ಬೀಳತೊಡಗಿದರೆ ಗಡ್ಡೆ ಬಲಿತಿದೆ ಎಂದರ್ಥ.

ಗಡ್ಡೆ ಕಟ್ಟಲು ಹಗಲಿನ ಉದ್ದವೂ ಮುಖ್ಯ. ನಮ್ಮ ಹೊಸಪೇಟೆಯಲ್ಲಿ ಹಗಲು ಡಿಸೆಂಬರ್‌ನಲ್ಲಿ ಸುಮಾರು 11 ಗಂಟೆ, ಜೂನ್‌ನಲ್ಲಿ ಸುಮಾರು 13 ಗಂಟೆ ಇರುತ್ತದೆ. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು 16 ಗಂಟೆಗಿಂತ ಹೆಚ್ಚು. ಅಷ್ಟು ಉದ್ದ ಹಗಲಿಗೆ ಒಗ್ಗಿದ ತಳಿಯನ್ನು ಇಲ್ಲಿ ಬಿತ್ತಿದರೆ ಎಲೆ ಬೆಳೆಯುತ್ತದೆ, ಗಡ್ಡೆ ಕಟ್ಟುವುದಿಲ್ಲ. ನಮಗೆ ಬಳ್ಳಾರಿ ಕೆಂಪು, ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕಲ್ಯಾಣ್, ಅರ್ಕಾ ನಿಕೇತನ್‌ನಂತಹ ತಳಿಗಳೇ ಸರಿ.

ಉಳಿದ ಬೀಜ ಎಲ್ಲಿಡಬೇಕು?

ನೆರಳಿನಲ್ಲಿ ಒಣಗಿಸಿದ ಬೀಜವನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಹಾಕಿ. ಹುರಿದು ಪೂರ್ತಿ ಆರಿಸಿದ ಒಂದು ಹಿಡಿ ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಜೊತೆಗಿಡಿ. ಅದು ತೇವ ಹೀರುತ್ತದೆ. ಮನೆಯ ಅತ್ಯಂತ ತಂಪು ಜಾಗದಲ್ಲಿಟ್ಟು, ಮೇಲೆ ವರ್ಷ ಬರೆಯಿರಿ. ನಾರ್ವೆ ದೇಶದ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿ 2008ರಲ್ಲಿ ತೆರೆದ ಜಾಗತಿಕ ಬೀಜ ಭಂಡಾರದಲ್ಲಿ ಪ್ರಪಂಚದ ಬೀಜಗಳನ್ನು ಒಣಗಿಸಿ, ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಇಟ್ಟಿದ್ದಾರೆ. ಅಲ್ಲಿಯೂ ನಿಮ್ಮ ಬಾಟಲಿಯಲ್ಲಿಯೂ ತತ್ವ ಒಂದೇ: ಒಣಗಿರಬೇಕು, ತಂಪಾಗಿರಬೇಕು.

ಆ ಶಾಲೆಗೆ ಮರುವರ್ಷ ಮೇ ತಿಂಗಳ ಕೊನೆಯಲ್ಲಿ ಹೋದಾಗ ನೀರಿನ ಮಡಕೆಯ ಪಕ್ಕದಲ್ಲಿ ಏಳೆಂಟು ತಟ್ಟೆಗಳಿದ್ದವು. ಒಂದೊಂದರ ಮೇಲೂ ಚೀಟಿ. ಊರಿನವರು ಬೀಜ ಕಳಿಸಿದ್ದರು. ಮಕ್ಕಳು ಎಣಿಸುತ್ತಿದ್ದರು. ಯಾರೂ ನನ್ನನ್ನು “ಬರ್ತಾವೇನ್ರಿ?” ಎಂದು ಕೇಳಲಿಲ್ಲ.

ಯೋಚಿಸಿ ಉತ್ತರಿಸಿ

1. 10 ಬೀಜದ ಬದಲು 100 ಬೀಜ ಇಟ್ಟು ಪರೀಕ್ಷಿಸುವುದರಿಂದ ಏನು ಲಾಭ?
2. 1 ಗ್ರಾಂಗೆ 250 ಬೀಜ ಎಂದುಕೊಳ್ಳಿ. ಮೊಳಕೆ ಪ್ರಮಾಣ ಶೇಕಡ 80 ಇದ್ದರೆ 100 ಗ್ರಾಂ ಬೀಜದಿಂದ ಎಷ್ಟು ಸಸಿ? ಶೇಕಡ 31 ಇದ್ದರೆ ಎಷ್ಟು?
3. ಒಂದು ಎಕರೆ ನಾಟಿಗೆ ಸುಮಾರು 3ರಿಂದ 4 ಕಿಲೋ ಬೀಜ ಬೇಕು. ನಿಮ್ಮೂರಿನಲ್ಲಿ ಒಂದು ಕಿಲೋ ಬೀಜದ ಬೆಲೆ ಕೇಳಿ, ಬೀಜ ಕೆಟ್ಟಿದ್ದರೆ ಒಂದು ಎಕರೆಗೆ ಆಗುವ ನಷ್ಟ ಲೆಕ್ಕ ಹಾಕಿ.
4. ಒಂದು ತಟ್ಟೆಯನ್ನು ಮಡಕೆಯ ಪಕ್ಕ, ಇನ್ನೊಂದನ್ನು ಬಿಸಿಲಿನಲ್ಲಿಟ್ಟು ಇದೇ ಪ್ರಯೋಗ ಮಾಡಿ. ಎರಡರಲ್ಲೂ ಯಾವುದೆಲ್ಲ ಒಂದೇ ರೀತಿ ಇರಬೇಕು? ಏಕೆ?